ನೀಲಿ ದಾರ ಕಟ್ಟಿದ ಸ್ಪ್ರಿಂಗು

ಬ್ರಶಿ ಗ್ಯಾಪ್, ನಾರ್ತ್ ಕ್ಯಾರೊಲೈನಾ
ಮಾರ್ಚ್ 11, 1968

ನನ್ನ ನೇವಾ,

ಈ ಪೆಟ್ಟಿಗೆ ಎತ್ತುವಾಗ ಪೋಸ್ಟಿನವನು, "ಏನ್ ಓರ್ಫಾ, ಕಲ್ಲು ತುಂಬಿದೀಯಾ?" ಎಂದ. "ನಿನ್ನ ತಲೆಯೊಳಗಿರೋದಕ್ಕಿಂತ ಹಗುರಾನೇ, ಎತ್ತು" ಎಂದೆ. ನಿನ್ನ ಗಂಡ ವರ್ಲಿನ್ನನ ರೇಸ್ ಕಾರಿನ ಎಂಜಿನ್ನಿಗೆ ಇಪ್ಪತ್ತೆರಡು ವಾಲ್ವ್ ಸ್ಪ್ರಿಂಗ್‌ಗಳಿವೆ. ಹದಿನಾರಕ್ಕೆ ನೀಲಿ ದಾರ ಕಟ್ಟಿದ್ದೇನೆ, ಅವು ಪೂರ್ತಿ ಬಲದವು, ರೇಸಿಗೆ. ಆರಕ್ಕೆ ಕಪ್ಪು ದಾರ, ಅವು ದಣಿದವು, ಅಭ್ಯಾಸದ ದಿನಕ್ಕೆ ಸಾಕು. ಒಂದೊಂದನ್ನೂ ನಿನ್ನ ತಾತನ ಸನ್ನೆಗೋಲಿನ ಪ್ರೆಸ್ಸಿನಲ್ಲಿ ಮೂರು ಸಲ ಒತ್ತಿ, ಮುಳ್ಳು ಎಲ್ಲಿ ನಿಂತಿತೆಂದು ನೋಡಿ ಕಟ್ಟಿದ್ದು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ಅಂಕಿ ಬರೆದು ಚೀಟಿ ಅಂಟಿಸುವುದಿಲ್ಲ. ದಾರ ಸುಳ್ಳು ಹೇಳುವುದಿಲ್ಲ.

ನಿನ್ನ ಗಂಡನಿಗೆ ಇಷ್ಟು ಓದಿ ಹೇಳು. ವಾಲ್ವನ್ನು ಆಚೆಗೆ ತಳ್ಳುವುದಕ್ಕೆ ಕ್ಯಾಮ್ ಇದೆ, ಪುಶ್‌ರಾಡ್ ಇದೆ, ರಾಕರ್ ಇದೆ. ತಿರುಗಿ ಮನೆಗೆ ಕರೆತರುವುದಕ್ಕೆ ಸ್ಪ್ರಿಂಗ್ ಒಂದೇ. ನಿಮಿಷಕ್ಕೆ ಏಳೂವರೆ ಸಾವಿರ ಸುತ್ತಿನಲ್ಲಿ ಅದು ಸೆಕೆಂಡಿಗೆ ಅರವತ್ತು ಸಲ ಆ ಕೆಲಸ ಮಾಡಬೇಕು. ಅದಕ್ಕಿಂತ ಮೇಲೆ ಓಡಿಸಿದರೆ ವಾಲ್ವ್ ಹೊತ್ತಿಗೆ ಸರಿಯಾಗಿ ಮನೆಗೆ ಬರುವುದಿಲ್ಲ, ಗಾಳಿಯಲ್ಲಿ ತೇಲುತ್ತದೆ, ಪಿಸ್ಟನ್ ಬಂದು ಅದನ್ನು ಗುದ್ದುತ್ತದೆ. ಏಳೂವರೆ ದಾಟುವುದಿಲ್ಲ ಎಂದು ವರ್ಲಿನ್ ನನ್ನ ಅಡುಗೆಮನೆಯಲ್ಲಿ, ನನ್ನ ಬಿಸ್ಕತ್ತು ಬಾಯಿಗೆ ತುಂಬಿಕೊಂಡು ಮಾತು ಕೊಟ್ಟಿದ್ದಾನೆ.

ಸ್ಪ್ರಿಂಗಿಗೆ ಇಕ್ಕಳ ಮುಟ್ಟಿಸಬೇಡ. ಮೊಳೆಯ ಗೀರೂ ಬೀಳಬಾರದು. ಇದೆಲ್ಲ ನಿನಗೆ ಹಾಲುಹಲ್ಲಿರುವಾಗಲೇ ಹೇಳಿಕೊಟ್ಟದ್ದು, ಆದರೂ ಹೇಳುತ್ತೇನೆ. ನಾನು ಮುದುಕಿ, ಹೇಳುವುದೇ ಕೆಲಸ.

ಅಜ್ಜಿ


ಕೆಸ್ಲರ್, ಇಂಡಿಯಾನಾ
ಏಪ್ರಿಲ್ 2, 1968

ಅಜ್ಜಿ,

ಪೆಟ್ಟಿಗೆ ಬಂತು. ಮೊದಲ ಭಾನುವಾರದ ರೇಸಿನಲ್ಲೇ ವರ್ಲಿನ್ ಎರಡನೆಯವನಾಗಿ ಬಂದ. ನಿನ್ನ ಪತ್ರ ಓದಿ ಹೇಳಿದೆ. "ನಿಮ್ಮಜ್ಜಿ ಸ್ಪ್ರಿಂಗ್ ಜೊತೆ ಬೈಗುಳಾನೂ ಪ್ಯಾಕ್ ಮಾಡಿ ಕಳಿಸ್ತಾಳಲ್ಲೇ, ಅದಕ್ಕೇ ಪೆಟ್ಟಿಗೆ ಇಷ್ಟು ಭಾರ" ಎಂದು ನಕ್ಕ.

ಇಲ್ಲಿ ಎಂಜಿನ್ ಕಟ್ಟುವುದು ನಾನು, ಆದರೆ ಅದು ಓಡುವಾಗ ಹತ್ತಿರ ಹೋಗುವಂತಿಲ್ಲ. ರೇಸಿನ ಹೊತ್ತಿಗೆ ಕಾರು ನೋಡಿಕೊಳ್ಳುವ ಪಿಟ್ಟಿನೊಳಗೆ ಹೆಂಗಸರು ಕಾಲಿಟ್ಟರೆ ಅಪಶಕುನವಂತೆ, ಹಸಿರು ಬಣ್ಣದ ಕಾರಿನ ಹಾಗೆ. ನಾನು ಪ್ರೇಕ್ಷಕರ ಮೆಟ್ಟಿಲ ಮೇಲೆ, ಬೇರೆ ಡ್ರೈವರುಗಳ ಹೆಂಡಿರ ಜೊತೆ ಕೂತಿರುತ್ತೇನೆ. ಅವರು ಟೋಪಿ, ಸ್ಕಾರ್ಫು ಎನ್ನುತ್ತಿರುತ್ತಾರೆ. ನಾನು ಕಣ್ಣು ಮುಚ್ಚಿ ವಾಲ್ವಿನ ಸದ್ದು ಕೇಳುತ್ತೇನೆ.

ಅಜ್ಜಿ, ಒಂದು ಮಾತು. ಪಟ್ಟಣದಲ್ಲಿ ಒಬ್ಬ ಒಳ್ಳೆಯ ಕಣ್ಣಿನ ಡಾಕ್ಟರ್ ಇದ್ದಾರೆಂದು ಆಯ್ಡಾ ಹಿಂದೆ ಬರೆದಿದ್ದಳು. ಸುಮ್ಮನೆ ಒಂದು ಸಲ ತೋರಿಸಿಕೊಂಡು ಬರಬಹುದಲ್ಲವೇ?

ನಿನ್ನ ನೇವಾ


ಬ್ರಶಿ ಗ್ಯಾಪ್
ಏಪ್ರಿಲ್ 20, 1968

ನೇವಾ,

ಪಕ್ಕದ ಮನೆಯ ಆಯ್ಡಾಳಿಗೆ ಚರ್ಚಿನಲ್ಲಿ ಹಾಡಲು ಬರುವುದಿಲ್ಲ, ಕೋಳಿ ಸಾಕಲು ಬರುವುದಿಲ್ಲ, ನನ್ನ ಕಣ್ಣಿನ ವಿಚಾರ ಮಾತ್ರ ಚೆನ್ನಾಗಿ ಗೊತ್ತು. ಹೋಗಿ ಕೇಳಿದೆ. "ನಾನೇನ್ ಬರೀಲಿಲ್ಲ ಓರ್ಫಾ, ಬರೀ ಡಾಕ್ಟ್ರು ಬಂದವ್ರೆ ಅಂದೆ ಅಷ್ಟೆ" ಎಂದು ಒಳಗೆ ಸೇರಿಕೊಂಡಳು.

ನನ್ನ ಕಣ್ಣಿಗೆ ಏನೂ ಆಗಿಲ್ಲ. ಮೂವತ್ತೊಂಬತ್ತು ವರ್ಷದಿಂದ ಆ ಬೆಂಚಿನ ಮುಂದೆ ಕೂತಿದ್ದೇನೆ. ಹೆಂಡ ಸಾಗಿಸುವವರ ಕಾರುಗಳನ್ನು ಪೊಲೀಸ್ ಶೆರಿಫನ ಕಾರಿಗಿಂತ ಮುಂದೆ ಓಡಿಸಿದ್ದು ನಿನ್ನ ತಾತ ಎಲ್ಜಿಯ ಕೈಯಲ್ಲ, ನನ್ನ ಸ್ಪ್ರಿಂಗು. ಎಲ್ಜಿ ಸಾಯುವ ಹಿಂದಿನ ವಾರ ನನ್ನ ಮುಂದೆಯೇ ಒಪ್ಪಿಕೊಂಡ, "ಓರ್ಫಾ, ಎಂಜಿನ್ ನಂದು, ಪ್ರಾಣ ನಿಂದು" ಅಂತ. ನಾನು ಹೇಳಿದೆ, "ಇಷ್ಟು ಹೇಳೋಕೆ ಸಾಯೋವರೆಗೂ ಕಾಯ್ಬೇಕಿತ್ತಾ?" ಅಂತ.

ನಿನ್ನ ಮಾತಿನಿಂದ ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಸೇರಿತು. ಇನ್ನು ಈ ವಿಷಯ ಎತ್ತಬೇಡ.

ಅಜ್ಜಿ


ಕೆಸ್ಲರ್
ಜೂನ್ 10, 1968

ಅಜ್ಜಿ,

ಸರಿ, ಎತ್ತುವುದಿಲ್ಲ.

ಈಗ ನಿಜವಾದ ಗೋಳು. ವರ್ಲಿನ್ ಏಳೂವರೆ ದಾಟಿದ್ದಾನೆ. ನನಗೆ ಹೇಳಲಿಲ್ಲ, ಸದ್ದಿನಲ್ಲೇ ಗೊತ್ತಾಯಿತು. ಮನೆಗೆ ಬಂದ ಮೇಲೆ ಕೇಳಿದೆ.

"ಎಷ್ಟು ಓಡಿಸ್ದೆ?"

"ಏಳೂವರೆ."

"ನನ್ನ ಮುಖ ನೋಡಿ ಹೇಳು."

"ಎಂಟು. ಲೇ, ಎಲ್ಲರೂ ಎಂಟು ಓಡಿಸ್ತಾರೆ ಕಣೆ. ಏಳೂವರೆಲಿ ಓಡಿದ್ರೆ ನಾನು ಅವರ ಧೂಳು ತಿನ್ಕೊಂಡು ಬರ್ಬೇಕು. ನಿಮ್ಮಜ್ಜಿಗೆ ಹೇಳು, ಗಟ್ಟಿ ಸ್ಪ್ರಿಂಗ್ ಕೊಡು ಅಂತ."

ಕ್ಯಾಟಲಾಗಿನಲ್ಲಿ ಅತಿ ಗಟ್ಟಿಯಾದದ್ದೊಂದಿದೆ. ಅದನ್ನೇ ಹಾಕಲೇ? ನಿನ್ನ ಮಾತು ಬೇಕು. ನಾನೊಬ್ಬಳೇ ನಿರ್ಧಾರ ಮಾಡಲಾರೆ.

ನೇವಾ


ಬ್ರಶಿ ಗ್ಯಾಪ್
ಜೂನ್ 17, 1968

ನೇವಾ,

ಹಾಕಬೇಡ. ಗಟ್ಟಿ ಸ್ಪ್ರಿಂಗು ಹಾಕಿದರೆ ವಾಲ್ವ್ ತೇಲುವುದಿಲ್ಲ, ನಿಜ. ಆ ಭಾರ ಹೊರುವವರು ಯಾರು? ಪುಶ್‌ರಾಡ್ ಬಾಗುತ್ತದೆ, ಕ್ಯಾಮಿನ ಮೂಗು ಸವೆಯುತ್ತದೆ, ರಾಕರ್ ಬುಡಸಮೇತ ಕಿತ್ತು ಬರುತ್ತದೆ. ಒಂದು ರೋಗಕ್ಕೆ ಮದ್ದು ಕೊಟ್ಟು ಮೂರು ರೋಗ ತಂದುಕೊಂಡ ಹಾಗೆ. ಎಂಟು ಸಾವಿರ ಬೇಕೇ ಬೇಕೆಂದರೆ ಮೊದಲು ತೂಕ ಇಳಿಸು. ಹಗುರ ವಾಲ್ವ್ ಹಾಕು, ದಪ್ಪ ಕೊಳವೆಯ ಪುಶ್‌ರಾಡ್ ಹಾಕು. ಸ್ಪ್ರಿಂಗು ಮಧ್ಯಮದ್ದು ಸಾಕು. ಹದಿನಾರು ಕಳಿಸಿದ್ದೇನೆ, ಎಲ್ಲಕ್ಕೂ ನೀಲಿ ದಾರ. ನಾಲ್ಕು ರೇಸು ಓಡಿದ ಮೇಲೆ, ಎಷ್ಟೇ ಚೆನ್ನಾಗಿ ಕಂಡರೂ, ಎಸೆದುಬಿಡು. ಚೆನ್ನಾಗಿ ಕಾಣುವ ಸ್ಪ್ರಿಂಗನ್ನು ನಂಬಬೇಡ. ಚೆನ್ನಾಗಿ ಕಾಣುವ ಗಂಡಸರನ್ನೂ. ನಿನಗೆ ಹೇಳಿ ಏನು ಪ್ರಯೋಜನ, ಕಟ್ಟಿಕೊಂಡಾಯಿತು.

ಹೋದ ವಾರ ಜಗಲಿಯ ಮೆಟ್ಟಿಲಿನಿಂದ ಬಿದ್ದೆ. ನಾಯಿ ಅಡ್ಡ ಬಂತು. ಸೊಂಟ ಹಿಡಿದಿದೆ, ಸ್ಟೂಲಿನ ಮೇಲೆ ಕೂತೇ ಸ್ಪ್ರಿಂಗು ಒತ್ತಿದೆ.

ವರ್ಲಿನ್ನಿಗೆ ಹೇಳು, ಮಾತು ತಪ್ಪಿದವನಿಗೆ ಈ ಮನೆಯಲ್ಲಿ ಬಿಸ್ಕತ್ತಿಲ್ಲ. ಆಮೇಲೆ ಇದನ್ನೂ ಹೇಳು: ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬರದಿದ್ದರೆ ಕಾಲು ಮುರಿಯುತ್ತೇನೆ.

ಅಜ್ಜಿ


ಕೆಸ್ಲರ್
ಜುಲೈ 16, 1968

ಅಜ್ಜಿ,

ಭಾನುವಾರ ಮಧ್ಯಾಹ್ನ ವರ್ಲಿನ್ ಹೋದ. ಹದಿನೆಂಟನೇ ಸುತ್ತಿನಲ್ಲಿ. ಎಂಜಿನ್ ಬಿಗಿಯಿತು, ಕಾರು ಪಲ್ಟಿ ಹೊಡೆಯಿತು. ಅತ್ತೆ ನಿಮ್ಮೂರಿನ ಸ್ಟೋರಿನ ಫೋನಿಗೆ ಹೇಳಿದ್ದರಂತೆ, ನಿನಗೆ ಮುಟ್ಟಿತೋ ಇಲ್ಲವೋ.

ನಾಳೆ ಮಣ್ಣು. ಆ ಸೊಂಟ ಇಟ್ಟುಕೊಂಡು ಬಸ್ಸು ಹತ್ತಬೇಡ.

ನೇವಾ


ಬ್ರಶಿ ಗ್ಯಾಪ್
ಜುಲೈ 22, 1968

ನನ್ನ ಕೂಸೇ, ನನ್ನ ಬಂಗಾರ,

ಸ್ಟೋರಿನವನು ಬಂದು ಟೋಪಿ ತೆಗೆದು ಬಾಗಿಲಲ್ಲಿ ನಿಂತಾಗಲೇ ಗೊತ್ತಾಯಿತು. ಅವನು ಯಾವತ್ತೂ ಟೋಪಿ ತೆಗೆಯುವವನಲ್ಲ. ಬಸ್ಸು ಹತ್ತುವುದಕ್ಕೆ ಹೊರಟೆ. ಮೆಟ್ಟಿಲ ಹತ್ತಿರವೇ ಕಾಲು ಬರಲಿಲ್ಲ. ಆಯ್ಡಾ ಹಿಡಿದುಕೊಂಡು ವಾಪಸು ಕೂರಿಸಿದಳು. ಕ್ಷಮಿಸು, ಮಗಳೇ.

ಊಟ ಮಾಡು. ಸ್ವಲ್ಪವಾದರೂ ಮಾಡು.

ನಿನ್ನ ಅಜ್ಜಿ


ಬ್ರಶಿ ಗ್ಯಾಪ್
ಆಗಸ್ಟ್ 8, 1968

ನನ್ನ ಬಂಗಾರ,

ನಿನ್ನ ಪತ್ರ ಬಂದಿಲ್ಲ. ಬರೆಯಲು ಆಗದಿದ್ದರೆ ಬೇಡ, ಖಾಲಿ ಹಾಳೆ ಮಡಚಿ ಕಳಿಸು. ಪೋಸ್ಟಿನವನ ಕೈಯಲ್ಲಿ ನಿನ್ನ ಲಕೋಟೆ ನೋಡಿದರೆ ಸಾಕು.

ಬಟಾಣಿ ಬಿಡಿಸಿ ಬಾಟಲಿಗೆ ತುಂಬಿದೆ. ಹನ್ನೆರಡು ಬಾಟಲಿ. ಅವನಿಗೆ ಇಷ್ಟವೆಂದು ಹೆಚ್ಚಿಗೆ ಹಾಕಿದ್ದು ಈ ವರ್ಷ. ಹೋಗಲಿ, ಅದನ್ನೇಕೆ ಬರೆದೆನೋ.

ನಿನ್ನ ಅಜ್ಜಿ


ಕೆಸ್ಲರ್
ಆಗಸ್ಟ್ 19, 1968

ಅಜ್ಜಿ,

ಎಂಜಿನ್ ಬಿಚ್ಚಿದೆ. ಅವನ ತಮ್ಮ, "ಬೇಡ ಅತ್ತಿಗೆ, ಗುಜರಿಗೆ ಹಾಕ್ಬಿಡೋಣ" ಎಂದ. "ಕಟ್ಟಿದವಳು ನಾನು, ಬಿಚ್ಚೋಳೂ ನಾನೇ" ಎಂದೆ.

ಆರನೇ ಸಿಲಿಂಡರಿನ ಒಂದು ಸ್ಪ್ರಿಂಗು ಮುರಿದಿದೆ. ಹಿಡಿದುಕೊಳ್ಳುವವರಿಲ್ಲದೆ ವಾಲ್ವ್ ಜಾರಿ ಒಳಗೆ ಬಿದ್ದಿದೆ, ಪಿಸ್ಟನ್ನಿಗೆ ಸಿಕ್ಕು ಎಲ್ಲ ಪುಡಿಯಾಗಿದೆ. ಈ ಕಾರುಗಳಿಗೆ ಕ್ಲಚ್ಚಿಲ್ಲ, ನಿನಗೆ ಗೊತ್ತು. ಎಂಜಿನ್ ಬಿಗಿದರೆ ಹಿಂದಿನ ಗಾಲಿಯೂ ಬಿಗಿಯುತ್ತದೆ. ತಲೆಯ ಮೇಲೆ ಕಾಪಾಡುವ ಕಂಬಿಯೂ ಇರುವುದಿಲ್ಲ.

ಹದಿನೈದನೇ ಸುತ್ತಿನಲ್ಲೇ ನನಗೆ ಕೇಳಿಸಿತ್ತು. ಎಂಟರಲ್ಲಿ ಒಂದು ಸಿಲಿಂಡರ್ ತಪ್ಪು ತಾಳ ಹಾಕುತ್ತಿತ್ತು. ಮೆಟ್ಟಿಲು ಇಳಿದು ಪಿಟ್ಟಿನ ಗೇಟಿಗೆ ಓಡಿದೆ. ಗೇಟಿನವನು ಕೈ ಅಡ್ಡ ಇಟ್ಟ.

"ಹೆಂಗಸ್ರು ಒಳಗೆ ಹೋಗಂಗಿಲ್ಲಮ್ಮ."

"ಸ್ಪ್ರಿಂಗ್ ಹೋಗಿದೆ, ಅವನಿಗೆ ಬೋರ್ಡ್ ತೋರ್ಸಿ, ನಿಲ್ಸಿ! ಅದು ನಾನು ಕಟ್ಟಿರೋ ಎಂಜಿನ್ನು!"

"ಹೌದಾ? ನಾನು ಈ ರಾಜ್ಯದ ಗವರ್ನರು."

ಪಕ್ಕದಲ್ಲಿದ್ದ ಇಬ್ಬರು ನಕ್ಕರು. ಅವರ ನಗು ಮುಗಿಯುವಷ್ಟರಲ್ಲಿ ಎಂಜಿನ್ನಿನ ಸದ್ದು ನಿಂತಿತು. ಆಮೇಲೆ ಜನರ ಸದ್ದು.

ಮುರಿದ ಸ್ಪ್ರಿಂಗಿನ ಎರಡೂ ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದೇನೆ. ನಿನ್ನಷ್ಟು ಮುರಿದ ಸ್ಪ್ರಿಂಗು ನೋಡಿದವರು ಯಾರೂ ಇಲ್ಲ. ಯಾಕೆ ಮುರಿಯಿತು, ಹೇಳು. ನನಗೆ ಬೇರೇನೂ ಬೇಡ, ಅದೊಂದು ಗೊತ್ತಾಗಬೇಕು.

ನೇವಾ


ಬ್ರಶಿ ಗ್ಯಾಪ್
ಆಗಸ್ಟ್ 30, 1968

ನನ್ನ ಬಂಗಾರ,

ನೋಡಿದೆ. ತಪ್ಪು ನನ್ನದು.

ನಿನಗೆ ಸುಳ್ಳು ಹೇಳಿದ್ದೆ, ನನ್ನ ಕಣ್ಣಿಗೆ ಪೊರೆ ಬಂದಿದೆ. ಕಪ್ಪು ಕಟ್ಟಬೇಕಾದಲ್ಲಿ ನೀಲಿ ಕಟ್ಟಿಬಿಟ್ಟಿದ್ದೇನೆ. ದಣಿದ ಸ್ಪ್ರಿಂಗು ಅದು. ಹಳೆಯದು, ಬಲವಿಲ್ಲದ್ದು. ಅದಕ್ಕೇ ಮುರಿಯಿತು. ಬೇರೆ ಕಾರಣವೇನೂ ಇಲ್ಲ.

ನಿನ್ನ ಕೆಲಸದಲ್ಲಿ ಏನೂ ಲೋಪವಿಲ್ಲ. ನಿನ್ನ ಕೈ ಚೊಕ್ಕ, ಮೊದಲಿನಿಂದಲೂ ಚೊಕ್ಕ. ನನ್ನನ್ನು ಬೇಕಾದಷ್ಟು ದ್ವೇಷಿಸು, ನಿನ್ನನ್ನು ಮಾತ್ರ ಬಿಟ್ಟುಬಿಡು. ಪ್ರೆಸ್ಸಿಗೆ ಬಟ್ಟೆ ಹೊದೆಸಿದ್ದೇನೆ. ಇನ್ನು ಆ ಕೆಲಸ ಮಾಡುವುದಿಲ್ಲ.

ದೇವರು ನಿನ್ನನ್ನು ಕಾಯಲಿ.

ನಿನ್ನ ಅಜ್ಜಿ


ಕೆಸ್ಲರ್
ಸೆಪ್ಟೆಂಬರ್ 9, 1968

ಅಜ್ಜಿ,

ನೀನು ಸುಳ್ಳು ಹೇಳುತ್ತಿದ್ದೀ.

ದಾರ ತಪ್ಪಿತೆಂಬ ಮಾತು ಮಾತ್ರ ನಿಜ, ಅದು ನಿನಗೇ ಗೊತ್ತಿಲ್ಲ, ಅದೇ ತಮಾಷೆ. ನಿನ್ನ ದಾರಗಳು ಮಾರ್ಚಿನಿಂದಲೇ ತಪ್ಪುತ್ತಿವೆ. ಮೊದಲ ಪೆಟ್ಟಿಗೆಯಲ್ಲಿ ನೀಲಿ ಕಟ್ಟಿದ ನಾಲ್ಕು ಸ್ಪ್ರಿಂಗು ದಣಿದವು, ಕಪ್ಪು ಕಟ್ಟಿದ ನಾಲ್ಕು ಹೊಚ್ಚ ಹೊಸವು. ಜೂನಿನ ಪೆಟ್ಟಿಗೆಯಲ್ಲಿ ಐದು ತಪ್ಪು, ಅವುಗಳ ಬದಲು ಐದು ಇಲ್ಲೇ ಕೊಂಡೆ. ಇಲ್ಲಿನ ಒಂದು ಗ್ಯಾರೇಜಿನಲ್ಲಿ ಪ್ರೆಸ್ಸಿದೆ, ಪ್ರತಿಯೊಂದನ್ನೂ ನಾನು ಮತ್ತೆ ಒತ್ತಿ ನೋಡುತ್ತಿದ್ದೆ. ದಣಿದದ್ದು ಒಂದೂ ಎಂಜಿನ್ನಿಗೆ ಹೋಗಿಲ್ಲ. ಮುರಿದದ್ದು ಪೂರ್ತಿ ಬಲದ್ದು, ಎರಡೇ ರೇಸು ಓಡಿದ್ದು.

ಯಾಕೆ ಹೇಳಲಿಲ್ಲ ಎನ್ನುತ್ತೀಯಾ? ಡಾಕ್ಟರ ಸುದ್ದಿ ಎತ್ತಿದ್ದಕ್ಕೇ ನೀನು ಎರಡು ದಿನ ಊಟ ಬಿಟ್ಟೆ. ತಾತ ಹೋದ ಮೇಲೆ ನಿನಗೆ ಉಳಿದಿರುವುದು ಆ ಬೆಂಚೊಂದೇ. ಅದನ್ನು ನಾನು ಹೇಗೆ ಕಿತ್ತುಕೊಳ್ಳಲಿ? ದಾರ ನಂಬುವಂತಿರಲಿಲ್ಲ, ಯಾವ ಸ್ಪ್ರಿಂಗು ಯಾವುದೆಂದು ನನಗೆ ಗುರುತು ಬೇಕಿತ್ತು. ಉಕ್ಕಿನ ಮೇಲೆ ಹೆಸರು ಕೊರೆಯುವ ಕರೆಂಟಿನ ಪೆನ್ನು ತಂದು ಅಂಕಿ ಹಾಕಿದೆ. ಸ್ಪ್ರಿಂಗಿನ ಕೊನೆಯ ಸುತ್ತಿನ ಚಪ್ಪಟೆ ಜಾಗದಲ್ಲಿ ಹಾಕಿದೆ, ಅಲ್ಲಿ ಬಾಗುವುದಿಲ್ಲ, ಕೆಲಸ ಇರುವುದಿಲ್ಲ, ಏನೂ ಆಗುವುದಿಲ್ಲ ಎಂದುಕೊಂಡೆ. ಅಲ್ಲಿ ಏನೂ ಆಗುವುದಿಲ್ಲ ತಾನೇ?

ಜುಲೈನಿಂದ ನೀನು ನನಗೆ ಒಂದು ಸಲವೂ ಬೈದಿಲ್ಲ. ನನ್ನ ಬಂಗಾರ, ನನ್ನ ಕೂಸು ಎನ್ನುತ್ತೀ. ನಾನು ಹುಟ್ಟಿದಾಗಿನಿಂದ ಅಷ್ಟು ಸಲ ಅಂದವಳಲ್ಲ ನೀನು. ನನ್ನ ಕೈಯಲ್ಲಿ ಏನೂ ಲೋಪವಿಲ್ಲ ಎಂದೆಯಲ್ಲ, ಅಲ್ಲೇ ಗೊತ್ತಾಯಿತು. ನೀನು ಯಾರ ಕೈಗೂ ಲೋಪವಿಲ್ಲ ಎಂದವಳಲ್ಲ.

ಇಲ್ಲಿ ಎಲ್ಲರೂ ನನಗೆ ಮೆತ್ತಗೆ ಮಾತಾಡುತ್ತಾರೆ. ಅತ್ತೆ, ಪಾದ್ರಿ, ಆ ಗೇಟಿನವನು ಕೂಡ ಬಂದು ಹೂವು ಇಟ್ಟು ಹೋದ. ನೀನೂ ಶುರು ಮಾಡಿದರೆ ನಾನು ಎಲ್ಲಿಗೆ ಹೋಗಲಿ? ಮುರಿದ ಜಾಗದಲ್ಲಿ ಏನು ಕಂಡೆ, ಹೇಳು.

ನೇವಾ


ಬ್ರಶಿ ಗ್ಯಾಪ್
ಸೆಪ್ಟೆಂಬರ್ 17, 1968

ನೇವಾ,

ಸರಿ, ಕೇಳು. ಕೂತು ಓದು.

ನೀನು ಕಳಿಸಿದ ತುಂಡುಗಳನ್ನು ಮೊದಲು ಉಗುರಿನಿಂದ ಸವರಿದೆ. ಕೊನೆಯ ಸುತ್ತು ಮುಗಿದು ಮುಂದಿನ ಸುತ್ತು ಏಳುವ ಅಂಚಿನಲ್ಲಿ ಉಗುರು ಸಿಕ್ಕಿಕೊಂಡಿತು. ಏನೆಂದು ಕಾಣಲಿಲ್ಲ. ಆಯ್ಡಾಳನ್ನು ಕರೆದು ಬಿಸಿಲಿನಲ್ಲಿ ನಿಲ್ಲಿಸಿ, ಎಲ್ಜಿಯ ಭೂತಗನ್ನಡಿ ಕೊಟ್ಟೆ.

"ಇಲ್ಲೊಂದು ಅಂಕಿ ಕೊರೆದವ್ರೆ ಓರ್ಫಾ. ಏಳು."

"ಅದರ ಬಾಲ ಎಲ್ಲಿಗೆ ಹೋಗಿದೆ?"

"ಕೆಳಕ್ಕೆ ಜಾರೈತೆ. ಚಪ್ಪಟೆ ಜಾಗ ದಾಟಿ, ಅಂಚಿಂದ ಆಚೆ ಇಳ್ದೈತೆ."

"ಮುರಿದಿರೋದು?"

ಅವಳು ಭೂತಗನ್ನಡಿಯನ್ನು ಇನ್ನೂ ಹತ್ತಿರ ಹಿಡಿದಳು. "ಅಲ್ಲಿಂದಾನೇ."

ಮುರಿದ ಮುಖ ಹೇಗಿದೆ ಎಂದು ಕೇಳಿದೆ. ಬಾಲದ ತುದಿಯಲ್ಲಿ, ಉಗುರಿನ ಬುಡದಲ್ಲಿರುತ್ತದಲ್ಲ ಬೆಳ್ಳನೆಯ ಅರ್ಧಚಂದ್ರ, ಅಷ್ಟೇ ಒಂದು ನುಣುಪು ಕಲೆ. ಮಿಕ್ಕದ್ದೆಲ್ಲ ಒರಟು, ಹೊಳೆಯುತ್ತದೆ ಎಂದಳು. ನುಣುಪಾದದ್ದು ಮೊದಲು ಬಿರಿದ ಜಾಗ. ಎರಡು ರೇಸಿನುದ್ದಕ್ಕೂ ಅದು ಕೂದಲೆಳೆಯಷ್ಟಾಗಿ ಬೆಳೆದಿದೆ. ಒರಟಾದದ್ದು ಹದಿನೈದನೇ ಸುತ್ತಿನಲ್ಲಿ ಒಂದೇ ಸಲಕ್ಕೆ ಹೋದದ್ದು.

ಪೆನ್ನು ಜಾರಿತು. ನಿನ್ನ ಕೈಯಲ್ಲಿ. ಆ ಗೀರಿಲ್ಲದಿದ್ದರೆ ಆ ಸ್ಪ್ರಿಂಗು ಮುರಿಯುತ್ತಿರಲಿಲ್ಲ. ಚಪ್ಪಟೆ ಜಾಗಕ್ಕೂ ಅಂಕಿ ಹಾಕಬಾರದು, ಯಾಕೆಂದರೆ ಕೈ ಜಾರುತ್ತದೆ. ಇದನ್ನು ನಿನಗೆ ಹೇಳಿಕೊಟ್ಟಿದ್ದೆ, ನೀನು ಮರೆತೆ. ಎಂಟು ಸಾವಿರ ಓಡಿಸಿದವನು ಅವನು, ಅದೂ ಸೇರಿದೆ. ಆದರೆ ನೀನು ಕೇಳಿದ್ದು ಯಾಕೆ ಮುರಿಯಿತು ಎಂದು. ಗೀರಿನಿಂದ ಮುರಿಯಿತು.

ಬೇಕಿತ್ತಲ್ಲ, ಬರೆದಿದ್ದೇನೆ.

ಈಗ ನನ್ನ ಪಾಲು. ನಿನ್ನ ಪತ್ರ ಬಂದ ಮೇಲೆ ದಾರದ ಉಂಡೆಗಳನ್ನು ಆಯ್ಡಾಳ ಮುಂದೆ ಇಟ್ಟೆ. ಒಂದನ್ನು ಎತ್ತಿ, "ಇದು ನೀಲಿ" ಎಂದೆ. "ಅಲ್ಲ ಓರ್ಫಾ" ಎಂದಳು. ಅಷ್ಟೇ. ಅವಳು ಬೇರೇನೂ ಅನ್ನಲಿಲ್ಲ, ಅದಕ್ಕೆ ಅವಳನ್ನು ಇನ್ನು ಮೇಲೆ ಚರ್ಚಿನಲ್ಲಿ ಹಾಡಲು ಬಿಡುತ್ತೇನೆ. ಮೆಟ್ಟಿಲಿನಿಂದ ಬಿದ್ದ ದಿನ ನಾಯಿ ಕೊಟ್ಟಿಗೆಯಲ್ಲಿತ್ತು.

ನಾನು ನಿನಗಾಗಿ ಒಂದು ಸುಳ್ಳು ಹೊಲಿದು ಕಳಿಸಿದೆ ಎಂದುಕೊಂಡಿದ್ದೆ. ಅದು ಆಗಲೇ ನಡೆದುಹೋಗಿದ್ದ ನಿಜ. ಮಾರ್ಚಿನಲ್ಲಿ ನೀನು, "ಅಜ್ಜಿ, ನೀನು ಕುರುಡಿಯಾಗಿದ್ದೀ, ಬೆಂಚು ಬಿಡು" ಎಂದು ಒಂದು ಗೆರೆ ಬರೆದಿದ್ದರೆ, ನಾನು ನಿನ್ನ ಮುಖ ನೋಡುವುದಿಲ್ಲ ಎನ್ನುತ್ತಿದ್ದೆ. ಒಂದು ಬೇಸಿಗೆ ಪೂರ್ತಿ ನಿನ್ನನ್ನು ಶಪಿಸುತ್ತಿದ್ದೆ. ಆ ಪೆನ್ನಿಗೆ ಕೆಲಸವಿರುತ್ತಿರಲಿಲ್ಲ. ಅವನು ಇರುತ್ತಿದ್ದ. ಏಪ್ರಿಲಿನಲ್ಲಿ ನೀನು ಕೇಳಿದಾಗ ನಾನು ಬಾಯಿ ಮುಚ್ಚಿಕೊಂಡು ಡಾಕ್ಟರ ಹತ್ತಿರ ಹೋಗಿದ್ದರೂ ಇರುತ್ತಿದ್ದ. ನಿನಗೆ ಬಾಯಿ ತೆರೆಯಲು ಭಯವಾಗುವಂತೆ ಬೆಳೆಸಿದವಳು ನಾನೇ. ಅದನ್ನು ಹಂಚಿಕೊಳ್ಳುವುದು ಹೇಗೋ ತಿಳಿಯದು. ನಿನ್ನದೆಷ್ಟು ನನ್ನದೆಷ್ಟು ಎಂದು ಒತ್ತಿ ನೋಡುವ ಪ್ರೆಸ್ಸಿಲ್ಲ.

ಸೊಂಟ ಈಗ ಪರವಾಗಿಲ್ಲ. ಆಯ್ಡಾಳ ಅಳಿಯ ಬಸ್ಸಿನವರೆಗೆ ಬಿಡುತ್ತಾನಂತೆ. ಬರಲೇ? ಹೂಂ ಎನ್ನು, ನಾಳೆಯೇ ಹೊರಡುತ್ತೇನೆ.

ಅಜ್ಜಿ


ಕೆಸ್ಲರ್
ಸೆಪ್ಟೆಂಬರ್ 26, 1968

ಅಜ್ಜಿ,

ಓದಿದೆ. ನಿಂತುಕೊಂಡೇ ಓದಿದೆ, ಆಮೇಲೆ ಕೂತೆ.

ಏಳು ಹಾಕಿದ್ದು ನೆನಪಿದೆ. ಒಲೆಯ ಮೇಲೆ ಹುರುಳಿಕಾಯಿ ಇತ್ತು, ವರ್ಲಿನ್ ಹಿಂದಿನಿಂದ ಬಂದು ಸೊಂಟ ಹಿಡಿದ. "ಬಿಡೋ, ಕೈ ಜಾರುತ್ತೆ" ಎಂದೆ. ನಕ್ಕೆ ಕೂಡ. ಕೈ ಜಾರಿದ್ದು ಗೊತ್ತಾಯಿತು. ಬೆರಳಿನಿಂದ ಸವರಿ ನೋಡಿದೆ, ಏನೂ ತಾಗಲಿಲ್ಲ, ಉಗುರಿನಿಂದ ಸವರಲಿಲ್ಲ. ಇದನ್ನು ಯಾರಿಗೂ ಹೇಳಿಲ್ಲ. ನಿನಗೆ ತುಂಡುಗಳನ್ನು ಕಳಿಸುವಾಗಲೂ ನನಗೆ ಗೊತ್ತಿತ್ತು. ನಿನ್ನ ಬಾಯಿಂದ ಬರಲಿ ಎಂದು ಕಳಿಸಿದೆ.

ಬರಬೇಡ. ನೀನು ಬಂದರೆ ನನ್ನನ್ನು ಮಡಿಲಿಗೆ ಎಳೆದುಕೊಳ್ಳುತ್ತೀ, ನಾನು ಅಳುತ್ತೇನೆ, ನನಗೆ ಹಗುರವಾಗುತ್ತದೆ. ನನಗೆ ಈಗ ಹಗುರವಾಗುವುದು ಬೇಡ. ನಿನ್ನ ಮೇಲೂ ನನಗೆ ಸಿಟ್ಟಿದೆ, ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೋ ನೋಡಬೇಕು. ಈ ಚಳಿಗಾಲ ಕಳೆಯಲಿ. ಮುಂದಿನದೂ ಕಳೆಯಬೇಕೋ ಏನೋ, ಈಗ ಹೇಳಲಾರೆ.

ಕಣ್ಣಿನ ಡಾಕ್ಟರ ಹತ್ತಿರ ಹೋಗು. ಇದು ಕೇಳಿಕೊಳ್ಳುತ್ತಿರುವುದಲ್ಲ, ಅಪ್ಪಣೆ.

ಮತ್ತೆ, ಬರಬೇಡ ಎಂದು ಬರೆದ ಮೊಮ್ಮಗಳಿಗೆ ಚೆನ್ನಾಗಿ ಬೈದು ಒಂದು ಪತ್ರ ಬರೆ. ಕೂಸೇ ಬಂಗಾರ ಎಂದರೆ ತೆರೆಯದೆ ವಾಪಸು ಕಳಿಸುತ್ತೇನೆ.

ನೇವಾ